ಕನಸಿನಲ್ಲಿ ಹೊಳೆದ ಪ್ರಯೋಗಕ್ಕೆ ನೊಬೆಲ್: ನರಗಳ ಗುಟ್ಟು ಬಿಡಿಸಿದ ಒಟ್ಟೊ ಲೋವಿ

ನರದಿಂದ ಹೃದಯಕ್ಕೆ ಸಂದೇಶ ತಲುಪುವುದು ವಿದ್ಯುತ್ತಿನಿಂದಲೋ, ರಾಸಾಯನಿಕದಿಂದಲೋ? ಶತಮಾನದ ಹಿಂದೆ ವಿಜ್ಞಾನಿಗಳನ್ನು ಕಾಡಿದ್ದ ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಒಟ್ಟೊ ಲೋವಿ.

1873ರ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನ ಯಹೂದಿ ಕುಟುಂಬದಲ್ಲಿ ಜನಿಸಿದ ಲೋವಿ, 1909ರಲ್ಲಿ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ಪ್ರಾಧ್ಯಾಪಕರಾದರು. ಒಂದು ರಾತ್ರಿ ಅವರಿಗೆ ನಿದ್ದೆಯಲ್ಲಿ ಪ್ರಯೋಗವೊಂದು ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಅರ್ಥವಾಗಲಿಲ್ಲ! ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಾಗ ನೇರವಾಗಿ ಪ್ರಯೋಗಾಲಯಕ್ಕೆ ಧಾವಿಸಿದರು.

ಬಡಿಯುತ್ತಿದ್ದ ಎರಡು ಕಪ್ಪೆ ಹೃದಯಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರು. ಮೊದಲನೆಯದರ ವೇಗಸ್ ನರವನ್ನು ಪ್ರಚೋದಿಸಿದಾಗ ಬಡಿತ ನಿಧಾನವಾಯಿತು. ಆ ಹೃದಯದೊಳಗಿನ ದ್ರವವನ್ನು ಎರಡನೆಯದಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ಅಂದರೆ ನರದ ತುದಿ ಯಾವುದೋ ರಾಸಾಯನಿಕವನ್ನು ಬಿಡುಗಡೆ ಮಾಡಿತ್ತು. ಅದು ಅಸಿಟೈಲ್‌ಕೋಲಿನ್ ಎಂದು ನಂತರ ಗೊತ್ತಾಯಿತು. ನರದ ಉದ್ದಕ್ಕೂ ವಿದ್ಯುತ್ತಾಗಿ ಸಾಗುವ ಸಂಕೇತ, ತುದಿಯಲ್ಲಿ ರಾಸಾಯನಿಕದ ಮೂಲಕ ದಾಟುತ್ತದೆ ಎಂಬ ಸತ್ಯಕ್ಕೆ ಇದೇ ಬುನಾದಿ. 1921ರಲ್ಲಿ ಪ್ರಕಟವಾದ ಈ ಸಂಶೋಧನೆಯ ಹಾದಿ ಅವರಿಗೆ 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ತಂದುಕೊಟ್ಟಿತು.

ಎರಡೇ ವರ್ಷಗಳಲ್ಲಿ ಎಲ್ಲವೂ ತಲೆಕೆಳಗಾಯಿತು. 1938ರಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದಾಗ ಲೋವಿ ಜೈಲು ಸೇರಿದರು. ತಮ್ಮನ್ನು ಕೊಲ್ಲಬಹುದೆಂಬ ಭಯದಲ್ಲೂ ಅವರು ಮಾಡಿದ ಕೆಲಸ ಒಂದೇ: ಕೊನೆಯ ಸಂಶೋಧನೆಯ ಫಲಿತಾಂಶವನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸಿದ್ದು. ನೊಬೆಲ್ ಹಣವನ್ನು ನಾಜಿಗಳಿಗೆ ಒಪ್ಪಿಸಿದ ಮೇಲಷ್ಟೇ ದೇಶ ಬಿಡಲು ಸಾಧ್ಯವಾಯಿತು.

1940ರಲ್ಲಿ ನ್ಯೂಯಾರ್ಕ್ ಸೇರಿದ ಅವರು ಅಲ್ಲೇ ಮತ್ತೆ ಬೋಧನೆ ಆರಂಭಿಸಿದರು. 1961ರ ಡಿಸೆಂಬರ್ 25ರಂದು, 88ನೇ ವಯಸ್ಸಿನಲ್ಲಿ ನಿಧನರಾದರು. ಇಂದು ಅಲ್ಝೈಮರ್ ರೋಗಿಗಳಿಗೆ ಕೊಡುವ ಕೆಲವು ಔಷಧಗಳು ಮಿದುಳಿನಲ್ಲಿ ಉಳಿಸಲು ಯತ್ನಿಸುವುದು ಅದೇ ಅಸಿಟೈಲ್‌ಕೋಲಿನ್ ಅನ್ನು.