ಮಲೆಯೂರಿಂದ ಜಾವಾದವರೆಗೆ: ಊರು, ದಾರಿ, ಗಡಿ ಬರೆದ ಕರ್ನಲ್ ಮೆಕೆಂಜಿ

ಮಲೆಯೂರಿನ ಕನಕಗಿರಿ ಬೆಟ್ಟ ಹತ್ತಿ ಬಂದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿಗೆ 1804ರಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿ ಬಂದಿದ್ದ. ಜೊತೆಗೆ ಸರಪಳಿ ಹಿಡಿದ ಆಳುಗಳು, ಭಾಷೆ ಬಲ್ಲ ಪಂಡಿತರು. ಅವನು ಕೇಳಿದ್ದು ಊರಿನ ಹಳೇ ಕಥೆ. ಹೇಳಿದವನು ಅಲ್ಲಿನ ಜೈನ ಪಂಡಿತ ದೇವಚಂದ್ರ, ಮುಂದೆ 'ರಾಜಾವಳೀಕಥೆ' ಬರೆದವನು. ಆ ಪುಸ್ತಕಕ್ಕೆ ಬೀಜ ಬಿದ್ದದ್ದು ಈ ಭೇಟಿಯಲ್ಲೇ ಅಂತ ಕನ್ನಡ ಓದಿದವರಿಗೆ ಗೊತ್ತು.

ಬಂದವನ ಹೆಸರು ಕಾಲಿನ್ ಮೆಕೆಂಜಿ. ಮೈಸೂರು ಸೀಮೆ ಅಳೆದವನು ಅಂತ ನಾವು ಅವನನ್ನ ನೆನೆಸಿಕೊಳ್ತೀವಿ. ಇಲ್ಲಿ ಕಲಿತ ಕೆಲಸವನ್ನ ಅವನು ಸಮುದ್ರದಾಚೆಯ ಜಾವಾ ದ್ವೀಪಕ್ಕೂ ಒಯ್ದ ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಅನ್ನೋ ಬಂದರು ಊರಲ್ಲಿ. ಅಲ್ಲಿ ಸುಂಕದ ಕಚೇರಿ ನೌಕರಿ. ಯಾವ ಸರಕು ಯಾವ ಗಡಿ ದಾಟ್ತು, ಎಷ್ಟು ವಸೂಲಿ ಅಂತ ಬರೆದಿಡೋದೇ ಕೆಲಸ. 1783ರಲ್ಲಿ, ಮೂವತ್ತರ ಹತ್ತಿರ ಹತ್ತಿರದ ವಯಸ್ಸಲ್ಲಿ, ಕಂಪನಿ ಸೈನ್ಯ ಸೇರಿ ಮದ್ರಾಸಿಗೆ ಬಂದ. ಆಮೇಲೆ ಒಂದು ಸಲವೂ ವಾಪಸ್ ಊರಿಗೆ ಹೋಗಲಿಲ್ಲ.

ಎಂಜಿನಿಯರ್ ಆಗಿ 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆ ಎರಡರಲ್ಲೂ ಇದ್ದ. ಟಿಪ್ಪು ಸತ್ತ ಮೇಲೆ ರಾಜ್ಯ ಹಂಚಿಕೆ ಆಯ್ತಲ್ಲ, ಅದು ನಡೆದದ್ದು ನಕ್ಷೆ ನೋಡಿ ಅಲ್ಲ. ತಾಲ್ಲೂಕುಗಳ ಹೆಸರು, ಎದುರಿಗೆ ಕಂಠೀರಾಯ ವರಹದಲ್ಲಿ ಕಂದಾಯ. ಅಷ್ಟೇ ಪಟ್ಟಿ. ಇಷ್ಟು ವರಹದ ತಾಲ್ಲೂಕು ನಿಜಾಮನಿಗೆ, ಇಷ್ಟು ಕಂಪನಿಗೆ, ಉಳಿದದ್ದು ಮೈಸೂರು ಮಹಾರಾಜರಿಗೆ ಅಂತ ಪಾಲು ಹಾಕಿದರು. ಆ ಪಾಲಲ್ಲೇ ಕೊಳ್ಳೇಗಾಲ ಕಂಪನಿ ಕಡೆ ಹೋಯ್ತು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆ ಮೈಸೂರಿಗೆ ಉಳೀತು. ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದ ಕೊಳ್ಳೇಗಾಲ ನಮ್ಮ ಕಡೆ ಸೇರಿದ್ದು 1956ರಲ್ಲಿ. ಯಾರೋ ಪಟ್ಟಿ ನೋಡಿ ಎಳೆದ ಗೆರೆ ನೂರೈವತ್ತು ವರ್ಷದ ಮೇಲೆ ಬಾಳಿತು!

ಹಂಚಿಕೊಂಡ ಮೇಲೆ ಆ ತಾಲ್ಲೂಕು ಎಲ್ಲಿದೆ, ಅದರ ಅಂಚಿನ ಹಳ್ಳಿ ಯಾವುದು ಅಂತ ಹುಡುಕೋ ಕೆಲಸ ಮೆಕೆಂಜಿ ತಲೆಗೆ ಬಿತ್ತು. ಸುಮಾರು ಹತ್ತು ವರ್ಷ ಹಿಡೀತು. ಮದ್ರಾಸಿನ ಸರ್ವೆ ಶಾಲೆಯ ಹುಡುಗರನ್ನ ಕಟ್ಟಿಕೊಂಡು ಸುಮಾರು 40,000 ಚದರ ಮೈಲಿ ಅಳೆದ. ಬೆಟ್ಟದ ತುದಿಯಿಂದ ತುದಿಗೆ ಕೋನ ಹಿಡಿಯೋದು, ಮಧ್ಯದ ಹಳ್ಳಿ, ಕೆರೆ, ಕೋಟೆ, ದಾರಿಗಳನ್ನ ತುಂಬಿಸೋದು, ಶಾನುಭೋಗರ ಕಡತ ನೋಡಿ ಮನೆಗಳ ಲೆಕ್ಕ ಬರೆಯೋದು. ಕಾಡುಸೀಮೆಯ ಜ್ವರಕ್ಕೆ ಸಹಾಯಕರು ಒಬ್ಬರಾದ ಮೇಲೆ ಒಬ್ಬರು ಮಲಗಿದರು. ಕಂಪನಿಯವರು ಇದರ ಮಧ್ಯೆ ಖರ್ಚು ಜಾಸ್ತಿ ಅಂತ ಜನರನ್ನೂ ಕಡಿಮೆ ಮಾಡಿದರು.

ಇನ್ನೊಂದು ವಿಷಯ. ಇಷ್ಟೆಲ್ಲ ಮಾಡಿದವನಿಗೆ ಇಲ್ಲಿನ ಒಂದು ಭಾಷೆಯೂ ಸರಿಯಾಗಿ ಬರ್ತಿರಲಿಲ್ಲ. ಊರ ಪಟೇಲನ ಹತ್ತಿರ ಮಾತಾಡಿದ್ದು, ಕೈಫಿಯತ್ತು ಬರೆಸಿಕೊಂಡದ್ದು, ಹಳಗನ್ನಡ ಶಾಸನ ಓದಿದ್ದು ಏಲೂರು ಕಡೆಯ ಕಾವಲಿ ವೆಂಕಟ ಬೊರಯ್ಯ. 1803ರಲ್ಲಿ ಬೊರಯ್ಯ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ. ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ಬಂದ. ಈ ಅಣ್ಣತಮ್ಮಂದಿರು ಇಲ್ಲದಿದ್ದರೆ ಮೆಕೆಂಜಿ ಕೈಯಲ್ಲಿ ಬರೀ ಗೆರೆ ಉಳೀತಿತ್ತು, ಊರಿನ ಹೆಸರೂ ಇರ್ತಿರಲಿಲ್ಲ.

1811ರಲ್ಲಿ ಜಾವಾಕ್ಕೆ ಕರೆ ಬಂತು. ಡಚ್ಚರ ದ್ವೀಪ ಆಗ ನೆಪೋಲಿಯನ್ನನ ಕೈಗೆ ಹೋಗಿತ್ತು. ಗವರ್ನರ್ ಜನರಲ್ ಮಿಂಟೊ ತಾನೇ ಹಡಗು ಹತ್ತಿದ. ಸೈನ್ಯದಲ್ಲಿ ನಮ್ಮ ದೇಶದ ಸಿಪಾಯಿಗಳೂ ಸಾವಿರಗಟ್ಟಲೆ ಇದ್ದರು. ಮೆಕೆಂಜಿ ಮುಖ್ಯ ಎಂಜಿನಿಯರ್. ಸೈನ್ಯ ಎಲ್ಲಿ ಇಳಿಯಬೇಕು ಅಂತ ಮೊದಲು ಕರಾವಳಿ ನೋಡಿಬಂದವನೇ ಅವನು. ಆಗಸ್ಟ್‌ನಲ್ಲಿ ಬತಾವಿಯಾ, ಅಂದರೆ ಈಗಿನ ಜಕಾರ್ತಾ, ಕೈಗೆ ಬಂತು. ಮುಂದಿನ ತಿಂಗಳು ಇಡೀ ದ್ವೀಪ.

ಯುದ್ಧ ಮುಗಿದ ಮೇಲೆ ಶುರುವಾಯ್ತು ನೋಡಿ ಅಸಲು ಕೆಲಸ. ಜಾವಾ ಉದ್ದಕ್ಕೆ ಸುಮಾರು ಸಾವಿರ ಕಿಲೋಮೀಟರ್. ಪಶ್ಚಿಮದ ಆನ್ಯೆರ್‌ನಿಂದ ಪೂರ್ವದ ಪಾನಾರುಕಾನ್‌ವರೆಗೆ ಡೇಂಡಲ್ಸ್ ಅನ್ನೋ ಗವರ್ನರ್ 1808ರಿಂದ ಒಂದು ದೊಡ್ಡ ಅಂಚೆ ರಸ್ತೆ ಮಾಡಿಸಿದ್ದ. ಮಾಡಿದವರು ಬಿಟ್ಟಿ ದುಡಿಮೆಯ ರೈತರು. ಎಷ್ಟೋ ಜನ ಅಲ್ಲೇ ಸತ್ತರು. ರಸ್ತೆ ಆದ ಮೇಲೆ ಅದರಲ್ಲಿ ಓಡಿದ್ದು ಅಂಚೆಯ ಕುದುರೆ ಗಾಡಿ. ಹಳ್ಳಿಯವರ ಗಾಡಿಗೆ ಪಕ್ಕದ ಮಣ್ಣು ದಾರಿಯೇ ಗತಿ.

ಒಳನಾಡಿನ ಗಡಿ ಇನ್ನೂ ಗೋಜಲು. 1755ರಲ್ಲಿ ಮತರಾಮ್ ರಾಜ್ಯ ಯೋಗ್ಯಕರ್ತಾ, ಸುರಕರ್ತಾ ಅಂತ ಎರಡಾಗಿತ್ತು. ಆಗ ಜಮೀನಿಗೆ ಗೆರೆ ಎಳೀಲಿಲ್ಲ. 'ಚಾಚಾ' ಅನ್ನೋ ಒಕ್ಕಲು ಲೆಕ್ಕದಲ್ಲಿ ಊರು ಹಂಚಿದರು. ಒಂದು ಊರು ಈ ರಾಜನದು, ಪಕ್ಕದ್ದು ಆ ರಾಜನದು, ಅದರ ಪಕ್ಕದ್ದು ಮತ್ತೆ ಇವನದು. ಮೈಸೂರಿನಲ್ಲಿ ವರಹ ಎಣಿಸಿ ಪಾಲು ಮಾಡಿದ್ದರು, ಇಲ್ಲಿ ಒಕ್ಕಲು ಎಣಿಸಿ. ಕಷ್ಟ ಮಾತ್ರ ಎರಡೂ ಕಡೆ ರೈತನಿಗೇ. ವ್ಯಾಪಾರಿಗಳ ಪಾಡೂ ಅಷ್ಟೇ. ದಾರಿಯ ಮೇಲೆ ಗುತ್ತಿಗೆಗೆ ಕೊಟ್ಟ ಸುಂಕದ ಕಟ್ಟೆಗಳು. ತಲೆ ಮೇಲೆ ಹೊತ್ತು ಸಂತೆಗೆ ಹೋಗೋರಿಗೂ ಬಿಡುತ್ತಿರಲಿಲ್ಲ. ಈ ಸುಂಕದ ಸಿಟ್ಟು ಮುಂದೆ 1825ರ ಜಾವಾ ಯುದ್ಧಕ್ಕೆ ಒಂದು ಕಾರಣವೇ ಆಯ್ತು.

ಲೆಫ್ಟಿನೆಂಟ್ ಗವರ್ನರ್ ರ‍್ಯಾಫಲ್ಸ್ ಜಮೀನಿನ ಹಕ್ಕು ಯಾರದು ಅಂತ ವಿಚಾರಿಸೋಕೆ ಒಂದು ಸಮಿತಿ ಮಾಡಿ ಮೆಕೆಂಜಿಯನ್ನ ಅಧ್ಯಕ್ಷನನ್ನಾಗಿ ಕೂರಿಸಿದ. ಕೂತವನೇ ಅಲ್ಲ ಇವನು. ದ್ವೀಪ ಸುತ್ತಿದ. ಡಚ್ಚರ ಹಳೇ ನಕ್ಷೆ, ಕಡತ ಎಲ್ಲ ಹುಡುಕಿಸಿದ. ಊರ ಮುಖಂಡನ ಪಾಲೆಷ್ಟು, ಉಳುವವನಿಗೆ ಉಳಿಯೋದೆಷ್ಟು ಅಂತ ಕೇಳಿಸಿ ಬರೆಸಿದ. 1812ರ ಜನವರಿಯಲ್ಲಿ ಪ್ರಂಬಾನನ್‌ಗೆ ಹೋಗಿ ಕಾಡು ಮುಚ್ಚಿದ್ದ ಶಿವನ ಗುಡಿಗಳನ್ನ ನೋಡಿ ಚಿತ್ರ ಬರೆದುಕೊಂಡ. ಅಲ್ಲಿನ ದುರ್ಗೆಯ ವಿಗ್ರಹವನ್ನ ಊರ ಜನ ಲೋರೊ ಜೊಂಗ್ರಂಗ್ ಅನ್ನೋ ರಾಜಕುಮಾರಿ ಅಂತಾರೆ. ಹಂಪಿ ಹಾಳುಗಳ ನಕ್ಷೆ ಮೊದಲು ಬರೆದವನಿಗೆ ಅದು ಪೂರ್ತಿ ಹೊಸ ಜಾಗ ಅನ್ನಿಸಿರಲಾರದು.

ಹಾಗಂತ ಇವನನ್ನ ದೇವರು ಮಾಡೋದು ಬೇಡ. ಅದೇ ವರ್ಷ ಜೂನ್‌ನಲ್ಲಿ ಬ್ರಿಟಿಷರು ಯೋಗ್ಯಕರ್ತಾ ಅರಮನೆಗೆ ನುಗ್ಗಿದಾಗ ಮೆಕೆಂಜಿಯೂ ಜೊತೆಗಿದ್ದ. ಸುಲ್ತಾನನನ್ನ ಪಿನಾಂಗ್‌ಗೆ ಗಡಿಪಾರು ಮಾಡಿದರು. ಅರಮನೆಯ ಹಸ್ತಪ್ರತಿಗಳು ಲೂಟಿಯಾದವು. ಒಂದು ಪಾಲು ಇವನ ಪೆಟ್ಟಿಗೆ ಸೇರಿತು. ಮಲೆಯೂರಲ್ಲಿ ಕೇಳಿ ಬರೆಸಿಕೊಂಡವನು ಇಲ್ಲಿ ಕೇಳದೇ ತಗೊಂಡ.

ಆ ನವೆಂಬರ್‌ನಲ್ಲಿ ಬತಾವಿಯಾದಲ್ಲೇ ಡಚ್ ಮನೆತನದ, ತನಗಿಂತ ತುಂಬ ಚಿಕ್ಕವಳಾದ ಪೆಟ್ರೊನೆಲ್ಲಾಳನ್ನ ಮದುವೆಯಾದ. 1813ರಲ್ಲಿ ವಾಪಸ್ ಹೊರಟ. ರ‍್ಯಾಫಲ್ಸ್ ಉಳುವವನಿಂದ ಕಂದಾಯ ತಗೊಳ್ಳೋ ಪದ್ಧತಿ ತಂದ. ಆದರೆ ಮೈಸೂರಿನ ಹಾಗೆ ಕೂತು ಹಳ್ಳಿ ಹಳ್ಳಿ ಅಳೆಯೋಕೆ ಜನವೂ ಇಲ್ಲ, ಸಮಯವೂ ಇಲ್ಲ. ಎಷ್ಟೋ ಕಡೆ ಊರ ಮುಖಂಡ ಹೇಳಿದ್ದೇ ಅಳತೆ, ಅವನು ಬರೆಸಿದ್ದೇ ಕಂದಾಯ. ಬಡವನ ಹೊಲ ಎಷ್ಟು ಅಂತ ಬಲ್ಲಿದನೇ ಹೇಳಿದರೆ ಏನಾಗುತ್ತೆ ಅಂತ ನಮ್ಮೂರ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1816ರಲ್ಲಿ ದ್ವೀಪ ಮತ್ತೆ ಡಚ್ಚರಿಗೆ ಹೋಯ್ತು. ಆ ಕಂದಾಯ ಪದ್ಧತಿಯನ್ನ ಅವರೂ ಬಿಡಲಿಲ್ಲ. ಎರಡು ರಾಜರ ಊರುಗಳು ಹೆಣೆದುಕೊಂಡಿದ್ದದ್ದು ಬಿಡಿಸಿ ಗಡಿ ಆಗಿದ್ದು 1830ರಲ್ಲಿ, ಜಾವಾ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ.

ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮರುವರ್ಷ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಅವನು ಕೆಂಪು ಕೋಟು ಹಾಕಿ ನಿಂತಿದ್ದಾನೆ. ಜೊತೆಗೆ ಇಲ್ಲಿನ ಮೂವರು ಸಹಾಯಕರು, ಒಬ್ಬನ ಕೈಯಲ್ಲಿ ದುರ್ಬೀನು. ಹಿಂದೆ ದೂರದಲ್ಲಿ ಗೊಮ್ಮಟ. ಜಾವಾದ ಗುರುತು ಒಂದೂ ಇಲ್ಲ.

1821ರ ಮೇ 8ರಂದು ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ಮೇಲೆ ತೀರಿಕೊಂಡ. ಕೂಡಿಟ್ಟ ಕಾಗದಗಳನ್ನ ಓದಿ ಪುಸ್ತಕ ಮಾಡಬೇಕು ಅಂತಿದ್ದ ಆಸೆ ಹಾಗೇ ಉಳೀತು. ಹೆಂಡತಿಯಿಂದ ಸಂಗ್ರಹವನ್ನ ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡುಕೊಳ್ತು. ಉಳಿದ ಕೆಲಸ ನಾನು ಮುಂದುವರಿಸ್ತೀನಿ ಅಂತ ಲಕ್ಷ್ಮಯ್ಯ ಅರ್ಜಿ ಹಾಕಿದ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ದೊರೆಗಳು ಇಂಥದ್ದು ಭಾರತೀಯನ ಕೈಲಿ ಆಗೋದಲ್ಲ ಅಂತ ತಳ್ಳಿಹಾಕಿದರು. ಇಪ್ಪತ್ತು ವರ್ಷ ಆ ಕೆಲಸ ನಡೆಸಿದ್ದೇ ಭಾರತೀಯರು!

ಯೋಗ್ಯಕರ್ತಾ ಅರಮನೆಯ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಯನ್ನ ಲಂಡನ್ನಿನ ಬ್ರಿಟಿಷ್ ಲೈಬ್ರರಿ 2019ರಲ್ಲಿ ಅಲ್ಲಿನ ಈಗಿನ ಸುಲ್ತಾನರಿಗೆ ಕೊಟ್ಟಿತು. ಮೂಲ ಲಂಡನ್ನಿನಲ್ಲೇ ಇದೆ. ನಮ್ಮ ಕಡೆಯ ಕಾಗದಗಳಲ್ಲಿ ಬಹುಪಾಲು ಚೆನ್ನೈನ ಸರ್ಕಾರಿ ಹಸ್ತಪ್ರತಿ ಭಂಡಾರದಲ್ಲಿದೆ. ಕನ್ನಡದವನ್ನ ಎಂ.ಎಂ. ಕಲಬುರ್ಗಿ ಸಂಪಾದಿಸಿ, 'ಕರ್ನಾಟಕದ ಕೈಫಿಯತ್ತುಗಳು' ಅಂತ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂದಿದೆ. ನಿಮ್ಮೂರಿನ ಹೆಸರು ಅದರಲ್ಲಿ ಉಂಟೋ ಇಲ್ಲವೋ, ಲೈಬ್ರರಿ ಕಡೆ ಹೋದಾಗ ಒಂದು ಸಲ ಕೇಳಿ ನೋಡಿ.