ವೈಯಾಕರಣ ಲಿಂಡ್ಲೆ ಮರ್ರೇ

ಇಂಗ್ಲಿಷ್ ವಾಕ್ಯವನ್ನು ಬಿಡಿಸಿ, ಇದು ನಾಮಪದ, ಇದು ಕ್ರಿಯಾಪದ, ಇದು ಪ್ರಿಪೊಸಿಷನ್ ಎಂದು ಮಕ್ಕಳಿಂದ ಹೇಳಿಸುವ ಪರಿಪಾಠವು ಬಹು ಹಳೆಯದು. ಆ ಪರಿಪಾಠವನ್ನು ಅಟ್ಲಾಂಟಿಕ್ ಸಾಗರದ ಎರಡೂ ದಡಗಳ ಶಾಲೆಗಳಲ್ಲಿ ನೆಲೆಗೊಳಿಸಿದವರಲ್ಲಿ ಅಗ್ರಗಣ್ಯರು ಲಿಂಡ್ಲೆ ಮರ್ರೇಯವರು. ವೃತ್ತಿಯಿಂದ ಅವರು ಅಧ್ಯಾಪಕರಾಗಿರಲಿಲ್ಲ. ನ್ಯಾಯವಾದಿಯಾಗಿ, ವರ್ತಕರಾಗಿ ಬಾಳಿ, ಕಾಲಿನ ಶಕ್ತಿ ಕುಂದಿದ ಮೇಲೆ, 50ರ ವಯಸ್ಸಿನಲ್ಲಿ ಅವರು ವ್ಯಾಕರಣವನ್ನು ಬರೆದರು.

ಮರ್ರೇಯವರು 1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದರು. ತಂದೆ ರಾಬರ್ಟ್ ಮರ್ರೇಯವರು ಮುಂದೆ ನ್ಯೂಯಾರ್ಕಿನ ಪ್ರಮುಖ ವರ್ತಕರಾದರು. ಆ ನಗರದ ಮರ್ರೇ ಹಿಲ್ ಬಡಾವಣೆಗೆ ಆ ಕುಟುಂಬದ ಹೆಸರೇ ಉಳಿದಿದೆ. ತಂದೆಯ ಶಿಸ್ತು ಕಠಿಣವಾದುದು. ಒಮ್ಮೆ ದಂಡನೆಗೆ ಗುರಿಯಾದ ಹುಡುಗನು ಮನೆಬಿಟ್ಟು ಓಡಿಹೋಗಿ, ಬರ್ಲಿಂಗ್ಟನ್ ಎಂಬ ಊರಿನ ವಸತಿಶಾಲೆಯನ್ನು ತಾನೇ ಸೇರಿಕೊಂಡನು. ಓಡಿಹೋಗುವ ಹುಡುಗರು ಶಾಲೆಯಿಂದ ಓಡುವುದು ಲೋಕರೂಢಿ. ಈತನು ಓಡಿದ್ದು ಶಾಲೆಯ ಕಡೆಗೆ! ಮುಂದೆ ತಂದೆಯನ್ನು ಒಪ್ಪಿಸಿ ಕಾನೂನನ್ನು ಅಭ್ಯಾಸ ಮಾಡಿದರು. ಅಮೆರಿಕದ ಪ್ರಥಮ ಮುಖ್ಯ ನ್ಯಾಯಾಧೀಶರಾದ ಜಾನ್ ಜೇಯವರು ಅಲ್ಲಿ ಅವರ ಸಹಪಾಠಿಗಳು. 1767ರಲ್ಲಿ ಹನ್ನಾ ಡಾಬ್ಸನ್ ಅವರೊಡನೆ ವಿವಾಹವಾಯಿತು.

ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ನ್ಯೂಯಾರ್ಕ್ ಬ್ರಿಟಿಷರ ವಶದಲ್ಲಿದ್ದಾಗ ಮರ್ರೇಯವರು ವ್ಯಾಪಾರದಲ್ಲಿ ವಿಪುಲ ದ್ರವ್ಯವನ್ನು ಗಳಿಸಿದರು. ಆ ಗಳಿಕೆಯ ಬಗ್ಗೆ ಎಲ್ಲರ ಅಭಿಪ್ರಾಯವೂ ಒಂದೇ ಆಗಿರಲಾರದು. ಸಮರ ಮುಗಿಯುವ ವೇಳೆಗೆ ಮಾಂಸಖಂಡಗಳ ದೌರ್ಬಲ್ಯವು ಅವರನ್ನು ಕಾಡತೊಡಗಿತು. ಹವೆಯ ಬದಲಾವಣೆಯನ್ನು ಬಯಸಿ 1784ರಲ್ಲಿ ತಾಯ್ನಾಡನ್ನು ಬಿಟ್ಟ ದಂಪತಿಗಳು ಇಂಗ್ಲೆಂಡಿನ ಯಾರ್ಕ್ ನಗರದ ಸಮೀಪದ ಹೋಲ್ಗೇಟ್ ಎಂಬಲ್ಲಿ ನೆಲೆಸಿದರು, ಮತ್ತೆ ಹಿಂದಿರುಗಲಿಲ್ಲ. ಕೊನೆಯ ಹಲವು ವರ್ಷಗಳಂತೂ ಮನೆಯೊಳಗೇ ಕಳೆದುವು.

ಯಾರ್ಕಿನಲ್ಲಿ ಕ್ವೇಕರರು ನಡೆಸುತ್ತಿದ್ದ ಒಂದು ಬಾಲಿಕಾ ಶಾಲೆಯಿತ್ತು. ಅಲ್ಲಿಯ ತರುಣ ಅಧ್ಯಾಪಿಕೆಯರಿಗೆ ವ್ಯಾಕರಣದಲ್ಲಿ ತಕ್ಕ ಶಿಕ್ಷಣವಿರಲಿಲ್ಲ. ಅವರು ಹೋಲ್ಗೇಟಿಗೆ ಬಂದು ಮರ್ರೇಯವರಿಂದ ಪಾಠ ಹೇಳಿಸಿಕೊಂಡರು; ಬಳಿಕ, ತಮ್ಮ ವಿದ್ಯಾರ್ಥಿನಿಯರಿಗಾಗಿ ಒಂದು ಪುಸ್ತಕವನ್ನು ಬರೆದುಕೊಡಬೇಕೆಂದು ಲಿಖಿತವಾಗಿ ಬಿನ್ನವಿಸಿಕೊಂಡರು. ಆ ಬಿನ್ನಹದ ಫಲವೇ 1795ರಲ್ಲಿ ಯಾರ್ಕಿನಲ್ಲಿ ಅಚ್ಚಾದ ‘ಇಂಗ್ಲಿಷ್ ಗ್ರಾಮರ್’. ಒಂದು ಶಾಲೆಗೆಂದು ರಚಿತವಾದ ಕೃತಿಯು ಕೆಲವೇ ವರ್ಷಗಳಲ್ಲಿ ಎರಡು ಖಂಡಗಳ ಪಠ್ಯವಾಯಿತು.

ಕೃತಿಯ ಸಾಮಗ್ರಿ ಬಹುಪಾಲು ಪೂರ್ವಸೂರಿಗಳದು. 1761ರಲ್ಲಿ ಪ್ರೀಸ್ಟ್ಲೆಯವರೂ 1762ರಲ್ಲಿ ಲೌತ್ ಅವರೂ ರಚಿಸಿದ ವ್ಯಾಕರಣಗಳಿಂದ ಅವರು ಧಾರಾಳವಾಗಿ ತೆಗೆದುಕೊಂಡರು. ಅದಕ್ಕಾಗಿ ಟೀಕೆಗೂ ಗುರಿಯಾದರು. ಮರ್ರೇಯವರ ಹಿರಿಮೆಯಿರುವುದು ಜೋಡಣೆಯಲ್ಲಿ, ಕಲಿಸುವವರ ಕಷ್ಟವನ್ನು ಅರಿತ ಬಗೆಯಲ್ಲಿ. ಅವರು ಶಬ್ದಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿದರು: ಆರ್ಟಿಕಲ್, ನಾಮಪದ, ಗುಣವಾಚಕ, ಸರ್ವನಾಮ, ಕ್ರಿಯಾಪದ, ಕ್ರಿಯಾವಿಶೇಷಣ, ಪ್ರಿಪೊಸಿಷನ್, ಸಂಯೋಜಕ, ಭಾವಸೂಚಕ. ಆರ್ಟಿಕಲ್ಲನ್ನು ಗುಣವಾಚಕದಲ್ಲಿ ಅಡಗಿಸಿ ಎಂಟೆಂದು ಎಣಿಸುವ ಕ್ರಮವು ನಮ್ಮಲ್ಲಿ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದಿಂದ ಪರಿಚಿತವಾಗಿದೆ.

ಲಕ್ಷಣವಾಕ್ಯಗಳನ್ನು ಉರುಹೊಡೆದ ಮಾತ್ರಕ್ಕೆ ಮಗುವಿಗೆ ಶಬ್ದದ ಗುರುತು ಸಿಕ್ಕುವುದಿಲ್ಲವೆಂಬುದನ್ನು ಮರ್ರೇಯವರು ಬಲ್ಲವರಾಗಿದ್ದರು. ಆದುದರಿಂದ ಅವರು ಸುಲಭವಾದ ಪರೀಕ್ಷೆಗಳನ್ನು ಒದಗಿಸಿದರು. ಮುಂದೆ ಆರ್ಟಿಕಲ್ ಇಟ್ಟರೆ ಒಪ್ಪುವುದು, ಅಥವಾ ತಾನಾಗಿಯೇ ಅರ್ಥ ಕೊಡುವುದು ನಾಮಪದ. ‘ಥಿಂಗ್’ ಎಂಬ ಶಬ್ದವನ್ನು ಹಿಂದೆ ಸೇರಿಸಿದಾಗ ಅರ್ಥ ಕೂಡಿಬಂದರೆ ಅದು ಗುಣವಾಚಕ. ‘ಟು’ ಎಂಬುದನ್ನಾಗಲಿ, ‘ಐ’, ‘ದೇ’ ಮೊದಲಾದ ಸರ್ವನಾಮವನ್ನಾಗಲಿ ಮುಂದಿಟ್ಟರೆ ಸರಿಹೊಂದುವುದು ಕ್ರಿಯಾಪದ. ಹೇಗೆ, ಎಷ್ಟು, ಎಂದು, ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರವಾಗುವುದು ಕ್ರಿಯಾವಿಶೇಷಣ. ‘ಹಿಮ್’, ‘ದೆಮ್’ ಎಂಬ ರೂಪಗಳನ್ನು ತನ್ನ ನಂತರ ಬರಗೊಡುವುದು ಪ್ರಿಪೊಸಿಷನ್.

‘ರೌಂಡ್’ ಎಂಬ ಶಬ್ದವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ‘ರೌಂಡ್ ಥಿಂಗ್’ ಎನ್ನಬಹುದು, ‘ರೌಂಡ್ ದೆಮ್’ ಎಂದೂ ಎನ್ನಬಹುದು, ‘ಎ ರೌಂಡ್’ ಎಂದರೂ ತಪ್ಪಿಲ್ಲ. ಬಿಡಿಯಾಗಿ ನಿಂತ ಶಬ್ದವು ಹೀಗೆ ಮೂರು ಮನೆಗಳಿಗೂ ಸಲ್ಲುತ್ತದೆ. ‘ಎ ರೌಂಡ್ ಟೇಬಲ್’ ಎಂದಾಗ ಗುಣವಾಚಕ, ‘ರೌಂಡ್ ದಿ ಟೇಬಲ್’ ಎಂದಾಗ ಪ್ರಿಪೊಸಿಷನ್ ಎಂಬ ನಿರ್ಣಯವು ವಾಕ್ಯದೊಳಗಿನ ಕೆಲಸದಿಂದಲೇ ಆಗಬೇಕು. ‘ದಟ್’ ಮುಂತಾದ ಶಬ್ದಗಳು ಸಂದರ್ಭಾನುಸಾರ ವರ್ಗವನ್ನು ಬದಲಿಸುವುದನ್ನು ಮರ್ರೇಯವರೂ ತೋರಿಸಿದ್ದಾರೆ. ಆದರೆ ಅವರ ಪುಸ್ತಕವನ್ನು ಹಿಡಿದ ಎಷ್ಟೋ ಶಾಲೆಗಳಲ್ಲಿ ಪರೀಕ್ಷೆಗಳು ಹಿಂದೆ ಸರಿದು, ಕಂಠಪಾಠವೇ ಮುಂದೆ ಬಂದುದು ಶೋಚನೀಯ.

ಪದಪುಂಜದ ವಿಷಯದಲ್ಲಿ ಅವರ ವ್ಯಾಕರಣವು ಬಡವಾದುದೆಂದೇ ಹೇಳಬೇಕು. ಸರಿಯಾಗಿ ಕೂಡಿದ ಎರಡು ಅಥವಾ ಹೆಚ್ಚು ಶಬ್ದಗಳೇ ಪದಪುಂಜವೆಂಬಷ್ಟಕ್ಕೆ ಅವರ ಲಕ್ಷಣವು ನಿಲ್ಲುತ್ತದೆ. ‘ಇನ್ ದಿ ಈವ್ನಿಂಗ್’ ಎಂಬಲ್ಲಿ ಮೂರು ಶಬ್ದಗಳಿಗೆ ಮೂರು ಹೆಸರುಗಳನ್ನು ಕೊಟ್ಟ ವಿದ್ಯಾರ್ಥಿಗೆ, ಮೂರೂ ಸೇರಿ ಕ್ರಿಯಾವಿಶೇಷಣದ ಕಾರ್ಯವನ್ನು ಮಾಡುತ್ತಿವೆಯೆಂಬುದು ಹೊಳೆಯದೆ ಹೋಗಬಹುದು. ನಾಮ, ಗುಣವಾಚಕ, ಕ್ರಿಯಾವಿಶೇಷಣ ಎಂಬ ಪದಪುಂಜಗಳ ವಿಂಗಡಣೆಯು ಶಾಲಾ ಪಾಠದಲ್ಲಿ ಸ್ಥಿರಪಟ್ಟದ್ದು ಅವರ ಕಾಲಾನಂತರ.

ಲ್ಯಾಟಿನ್ ಭಾಷೆಯ ಆರು ವಿಭಕ್ತಿಗಳನ್ನು ಇಂಗ್ಲಿಷಿನ ಮೇಲೆ ಹೇರುವುದನ್ನು ಅವರು ಒಪ್ಪಲಿಲ್ಲ. ಮೊದಲ ಆವೃತ್ತಿಯಲ್ಲಿ ನಾಮಪದಕ್ಕೆ ಎರಡೇ ವಿಭಕ್ತಿಗಳನ್ನು ಹೇಳಿದ್ದರು. ಬಹುಕಾಲ ಶಂಕಿಸಿ, ವಾಕ್ಯವನ್ನು ಬಿಡಿಸುವಾಗ ಕರ್ಮಸ್ಥಾನದ ನಾಮಪದಕ್ಕೂ ಹೆಸರು ಬೇಕೆಂದು ಕಂಡು, ಮೂರನೆಯದನ್ನು ಮುಂದಿನ ಆವೃತ್ತಿಗಳಲ್ಲಿ ಸೇರಿಸಿದರು. ಪ್ರಖ್ಯಾತವಾದ ಪುಸ್ತಕವನ್ನು ಅದರ ಕರ್ತೃವೇ ತಿದ್ದುತ್ತ ಹೋದದ್ದು ಗಮನಾರ್ಹ.

1797ರಲ್ಲಿ ಅಭ್ಯಾಸಗಳ ಪುಸ್ತಕವೂ 1799ರಲ್ಲಿ ‘ಇಂಗ್ಲಿಷ್ ರೀಡರ್’ ಎಂಬ ವಾಚಿಕೆಯೂ ಹೊರಬಂದುವು. ಲೇಖಕಿ ಜಾರ್ಜ್ ಎಲಿಯಟ್ ಅವರು 1871–72ರಲ್ಲಿ ಪ್ರಕಟಿಸಿದ ‘ಮಿಡ್ಲ್‌ಮಾರ್ಚ್’ ಕಾದಂಬರಿಯ ಗೃಹಿಣಿಯೊಬ್ಬಳು ಅಡುಗೆಮನೆಯಲ್ಲಿಯೇ ಮಕ್ಕಳಿಗೆ ಮರ್ರೇ ವ್ಯಾಕರಣವನ್ನು ಹೇಳಿಕೊಡುತ್ತಾಳೆ. ಪುಸ್ತಕಗಳಿಂದ ಬಂದ ಹಣವನ್ನು ಮರ್ರೇಯವರು ಸ್ವಂತಕ್ಕೆ ಬಳಸದೆ ಧರ್ಮಕಾರ್ಯಗಳಿಗೆ ವಿನಿಯೋಗಿಸಿದರು.

1826ರ ಫೆಬ್ರವರಿ 16ರಂದು, 80ರ ವಯಸ್ಸಿನಲ್ಲಿ, ಹೋಲ್ಗೇಟಿನ ಮನೆಯಲ್ಲಿಯೇ ಅವರು ದೇಹವನ್ನು ಬಿಟ್ಟರು. ತೋಟದಲ್ಲಿದ್ದ ಅವರ ಬೇಸಗೆಯ ಮಂಟಪವನ್ನು ಮುಂದೆ ಆ ಬಾಲಿಕಾ ಶಾಲೆಯ ಪರಂಪರೆಯ ಮೌಂಟ್ ಶಾಲೆಯ ಆವರಣಕ್ಕೆ ಸಾಗಿಸಿ ಕಾಪಾಡಲಾಯಿತು. ಪತ್ನಿಯ ಕಾಲಾನಂತರ ಉಳಿಯುವ ಆಸ್ತಿಯನ್ನು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೂ, ಬಿಡುಗಡೆಯಾದವರ ಸಂತತಿಯ ವಿದ್ಯಾಭ್ಯಾಸಕ್ಕೂ, ಅಲ್ಲಿಯ ಮೂಲನಿವಾಸಿಗಳ ಶಿಕ್ಷಣಕ್ಕೂ, ಪುಸ್ತಕ ವಿತರಣೆಗೂ, ಬಡವರ ಪೋಷಣೆಗೂ ವಿನಿಯೋಗಿಸಬೇಕೆಂದು ಅವರು ಮರಣಶಾಸನದಲ್ಲಿ ಬರೆದಿಟ್ಟಿದ್ದರು.