ದಾಸ್ತಾನು ಕರಗಿಸಿದ ಫೋರ್ಡ್

ಮೊದಲನೆಯ ಮಹಾಯುದ್ಧದ ನಂತರದ ಆರ್ಥಿಕ ಹಿಂಜರಿತ ಅಮೆರಿಕವನ್ನು ಆವರಿಸಿದಾಗ, ಮೋಟಾರು ಉದ್ಯಮದ ದೊರೆ ಹೆನ್ರಿ ಫೋರ್ಡ್ ಕೂಡ ಸಾಲದ ಸುಳಿಗೆ ಸಿಲುಕಿದ್ದರು. 1919ರಲ್ಲಿ ಸಹಪಾಲುದಾರರ ಷೇರುಗಳನ್ನೆಲ್ಲ ಕೊಳ್ಳಲು ಅವರು ಬ್ಯಾಂಕುಗಳಿಂದ ಕೋಟ್ಯಂತರ ಡಾಲರ್ ಪಡೆದಿದ್ದರು. 1920ರ ಸೆಪ್ಟೆಂಬರ್‌ನಲ್ಲಿ ಕಾರಿನ ಬೆಲೆ ಇಳಿಸಿದರೂ ಮಾರಾಟದ ಚೇತರಿಕೆ ಬಹುಕಾಲ ನಿಲ್ಲಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಕಾರ್ಖಾನೆಯನ್ನೇ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು.

1863ರಲ್ಲಿ ಮಿಷಿಗನ್ ರಾಜ್ಯದ ರೈತ ಕುಟುಂಬದಲ್ಲಿ ಜನಿಸಿದ ಫೋರ್ಡ್, ಬಾಲ್ಯದಲ್ಲೇ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸಿದವರು. 1903ರಲ್ಲಿ ಕಂಪೆನಿ ಸ್ಥಾಪಿಸಿ, 1908ರಲ್ಲಿ ಮಾಡೆಲ್ ಟಿ ಕಾರನ್ನು ಹೊರತಂದರು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ ಜೋಡಣೆ ಮರುವರ್ಷವೇ ಸುಮಾರು 93 ನಿಮಿಷಕ್ಕಿಳಿಯಿತು.

ಕಾರ್ಖಾನೆಯೊಳಗಿನ ನಿಮಿಷಗಳನ್ನು ಅಳೆದವರು ಈಗ ಹೊರಗಿನ ದಿನಗಳತ್ತ ಕಣ್ಣು ಹಾಯಿಸಿದರು. ಸರಕು ದಾರಿಯಲ್ಲಿ ಎಷ್ಟು ದಿನ ಕಳೆಯುತ್ತದೆಯೋ ಅಷ್ಟು ದಿನಗಳ ದಾಸ್ತಾನನ್ನು ಉಗ್ರಾಣದಲ್ಲಿ ಇರಿಸಿಕೊಳ್ಳಲೇಬೇಕು. ಆ ದಾಸ್ತಾನೆಂದರೆ ಬಂಧಿತ ಹಣ. 1920ರಲ್ಲಿ ಅವರು ಡೆಟ್ರಾಯಿಟ್, ಟೊಲೆಡೊ ಮತ್ತು ಐರನ್‌ಟನ್ ರೈಲುಮಾರ್ಗವನ್ನು ಖರೀದಿಸಿ ಸಾಗಣೆಯನ್ನು ಚುರುಕುಗೊಳಿಸಿದರು. ಕಚ್ಚಾ ಸಾಮಗ್ರಿ ಕಾರಾಗಿ ವಿತರಕರ ಕೈಸೇರುವ ಅವಧಿ 22 ದಿನಗಳಿಂದ 14ಕ್ಕೆ ಇಳಿಯಿತು. ಫೋರ್ಡ್ ಕೊಟ್ಟ ಲೆಕ್ಕದಂತೆ, ಸಾಗಣೆಯ ವೇಗವೊಂದರಿಂದಲೇ 2.8 ಕೋಟಿ ಡಾಲರ್ ಬಿಡುಗಡೆಯಾಯಿತು. ಹೊಸ ಸಾಲವಿಲ್ಲದೆ 1921ರ ವಸಂತದಲ್ಲಿ ಅವರು ಋಣಮುಕ್ತರಾದರು.

ಆದರೆ ಈ ಗೆಲುವಿಗೆ ಇನ್ನೊಂದು ಮುಖವಿದೆ. ಕಾರ್ಖಾನೆಯಲ್ಲಿದ್ದ ಬಿಡಿಭಾಗಗಳನ್ನೆಲ್ಲ ಕಾರುಗಳಾಗಿಸಿ, ವಿತರಕರು ಬೇಡಿಕೆ ಸಲ್ಲಿಸದಿದ್ದರೂ ಅವರಿಗೆ ರವಾನಿಸಲಾಯಿತು. ಹಣ ತೆತ್ತು ಬಿಡಿಸಿಕೊಳ್ಳದಿದ್ದರೆ ಏಜೆನ್ಸಿಯೇ ಕೈತಪ್ಪುವ ಭಯ. ಅನೇಕ ವಿತರಕರು ತಮ್ಮೂರಿನ ಬ್ಯಾಂಕುಗಳ ಬಾಗಿಲು ತಟ್ಟಿದರು. ಫೋರ್ಡ್ ತೀರಿಸಿದ ಸಾಲದ ಒಂದು ಪಾಲು ಹೀಗೆ ಸಣ್ಣ ವ್ಯಾಪಾರಿಗಳ ಹೆಗಲೇರಿತು.

1947ರ ಏಪ್ರಿಲ್ 7ರಂದು ಫೋರ್ಡ್ ನಿಧನರಾದರು. ಅವರು ತೋರಿದ ದಾರಿಯನ್ನು ಜಪಾನಿನ ಟೊಯೊಟಾದ ತೈಚಿ ಓನೊ ಮೆಚ್ಚಿ, ತಿದ್ದಿ, ಮುಂದುವರಿಸಿದರು. ಮುಂದಿನ ಹಂತಕ್ಕೆ ಬೇಕಾದಷ್ಟನ್ನೇ, ಬೇಕಾದಾಗಲೇ ತಯಾರಿಸಬೇಕೆಂಬುದು ಆ ತಿದ್ದುಪಡಿಯ ಸಾರ.

ಉಗ್ರಾಣ ಬರಿದಾಯಿತೆಂದು ಬೀಗುವ ಪ್ರತಿಯೊಬ್ಬ ಉದ್ಯಮಿಯೂ ಫೋರ್ಡರ 1921ನ್ನು ನೆನೆಯಬೇಕು. ಸರಬರಾಜು ಸರಪಳಿಯ ಸಾಮರ್ಥ್ಯವನ್ನು ಒಂದೇ ಕೊಂಡಿಯಲ್ಲಿ ಅಳೆದರೆ ಹೊರೆ ಇಳಿದಂತೆ ಕಾಣುತ್ತದೆ. ಅದು ನಿಜವಾಗಿ ಇಳಿಯಿತೋ, ಪಕ್ಕದವನ ತಲೆಗೆ ದಾಟಿತೋ ಎಂಬುದು ಗಣಿಯಿಂದ ಗ್ರಾಹಕನವರೆಗೆ ಅಳೆದಾಗಷ್ಟೇ ತಿಳಿದೀತು.